ಮೂಡಲ ಬಾಗಿಲಿನ ಚಿತ್ರರಸಿಕರು

ರಾತ್ರಿಯ ಎರಡನೆಯ ಆಟ ಮುಗಿದು ಜನರು ಹೊರಕ್ಕೆ ಬರುವ ವೇಳೆಗೆ ಮುಳಬಾಗಿಲಿನ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ತೆರೆದಿರುವುದು ಚಹದ ಅಂಗಡಿಯೊಂದೇ. ಚಿತ್ತೂರಿನತ್ತ ಸಾಗುವ ಲಾರಿಗಳ ಸದ್ದು ಹೆದ್ದಾರಿಯ ಕಡೆಯಿಂದ ಕೇಳಿಬರುತ್ತಿರುತ್ತದೆ. ಲೋಟವನ್ನು ಮುಂದಕ್ಕೆ ಚಾಚುತ್ತ ಅಂಗಡಿಯಾತನು ಮೊದಲು ಬಂದ ಗಿರಾಕಿಯನ್ನು ಕೇಳುವ ಪ್ರಶ್ನೆ ಎಂದಿಗೂ ಒಂದೇ:

“ಎಂಗೈತಣ್ಣಾ ಸಿನಿಮಾ?”

“ಬಾಗುಂದಿ. ಆದ್ರೆ ಕೊನೇಲಿ ಎಳ್ದುಬಿಟ್ಟವ್ರೆ.”

ಪ್ರಶ್ನೆ ಕನ್ನಡದ್ದು, ಉತ್ತರದ ಮೊದಲ ಪದ ತೆಲುಗಿನದು, ಆಕ್ಷೇಪಣೆ ಮತ್ತೆ ಕನ್ನಡದ್ದು. ಪಕ್ಕದಲ್ಲಿ ನಿಂತ ಲಾರಿಯ ಚಾಲಕನು ಅದೇ ಚಿತ್ರವನ್ನು ಕೃಷ್ಣಗಿರಿಯಲ್ಲಿ ತಮಿಳಿನಲ್ಲಿ ನೋಡಿ ಬಂದವನಾಗಿದ್ದರೆ ಅವನ ತೀರ್ಪೂ ಬಂದು ಸೇರಿಕೊಳ್ಳುವುದುಂಟು. ಹೀಗೆ ಒಂದು ಚಿತ್ರದ ಹಣೆಯ ಬರಹವು ಮೂರು ಭಾಷೆಗಳಲ್ಲಿ ನಿರ್ಧಾರವಾಗುವಷ್ಟರಲ್ಲಿ ಚಹ ಆರಿಹೋಗಿರುತ್ತದೆ. ಆ ಭಾಷೆಯಲ್ಲೇಕೆ ಮಾತನಾಡಿದೆಯೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ಬೆಂಗಳೂರಿನಿಂದ ಬಂದ ನೆಂಟನೊಬ್ಬನಿಗೆ ಮಾತ್ರ ಅದು ವಿಚಿತ್ರವಾಗಿ ತೋರಬಹುದು.

ಮುಳಬಾಗಿಲು ಎಂದರೆ ಮೂಡಲ ಬಾಗಿಲು; ಕನ್ನಡ ಸೀಮೆಯ ಪೂರ್ವದ ಹೆಬ್ಬಾಗಿಲು. ಬಾಗಿಲೆಂದ ಮೇಲೆ ಗಾಳಿ ಎರಡೂ ಕಡೆಯಿಂದ ಆಡಬೇಕಷ್ಟೆ. ಇಲ್ಲಿಂದ ಮೂಡಣಕ್ಕೆ ನಂಗಲಿಯನ್ನು ದಾಟಿದರೆ ಆಂಧ್ರಪ್ರದೇಶ. ಶ್ರೀನಿವಾಸಪುರದ ಮಾವಿನ ತೋಪುಗಳನ್ನು ಬಿಟ್ಟು ಈಶಾನ್ಯಕ್ಕೆ ನಡೆದರೆ ಮದನಪಲ್ಲಿ. ಹೆಂಚು ಇಟ್ಟಿಗೆಗಳಿಗೆ ಹೆಸರಾದ ಮಾಲೂರಿನಿಂದ ತೆಂಕಣಕ್ಕೆ ಇಳಿದರೆ ಹೊಸೂರು, ಅಂದರೆ ತಮಿಳುನಾಡು. ಶ್ರೀನಿವಾಸಪುರದ ಹಳೆಯ ಹೆಸರೇ ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನು ಅದಕ್ಕಿಟ್ಟು ಬದಲಿಸಿದರು. ಹೆಸರು ಬದಲಾಯಿತೇ ಹೊರತು ಸಂತೆಯ ಮಾತು ಬದಲಾಗಲಿಲ್ಲ. ಇವುಗಳ ನಡುವೆ ಜಿಲ್ಲೆಯ ಕೇಂದ್ರವಾದ ಕೋಲಾರ, ಮೂರು ತಾಲ್ಲೂಕುಗಳ ಅಭಿಪ್ರಾಯಗಳನ್ನೂ ಕೇಳಿ ಕೊನೆಗೆ ತನ್ನ ಹಟವನ್ನೇ ಸಾಧಿಸುವ ಹಿರಿಯಣ್ಣನಂತೆ ಕುಳಿತಿದೆ. ಈ ಸೀಮೆಗೆ ವರ್ಷವೆಲ್ಲ ತುಂಬಿ ಹರಿಯುವ ಹೊಳೆಯೊಂದಿಲ್ಲ. ಕೆರೆಗಳನ್ನು ನಂಬಿ ಬಾಳಿದ ನೆಲಕ್ಕೆ ಮೂರು ದಿಕ್ಕುಗಳಿಂದಲೂ ತಡೆಯಿಲ್ಲದೆ ಹರಿದುಬಂದದ್ದು ಚಲಚ್ಚಿತ್ರಗಳು ಮಾತ್ರ.

ಅದಕ್ಕೆ ಭೂಗೋಳವೊಂದೇ ಕಾರಣವಲ್ಲ. 1934ರ ಮಾರ್ಚಿ ತಿಂಗಳಿನಲ್ಲಿ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡು ಬೆಳ್ಳಿತೆರೆ ಕನ್ನಡ ಮಾತನಾಡಿದ ಮೇಲೂ, ದಶಕಗಳ ಕಾಲ ಕನ್ನಡ ಚಿತ್ರಗಳ ಬಹುಭಾಗ ತಯಾರಾದುದು ಮದರಾಸಿನ ಸ್ಟುಡಿಯೋಗಳಲ್ಲಿ. ಅಲ್ಲಿಂದ ಬೆಂಗಳೂರಿಗೆ ಬರುವ ರೀಲಿನ ಡಬ್ಬಗಳು ರೈಲಿನಲ್ಲಿ ಬಂದರೆ ಬಂಗಾರಪೇಟೆ ಮಾಲೂರುಗಳನ್ನು, ರಸ್ತೆಯಲ್ಲಿ ಬಂದರೆ ಮುಳಬಾಗಿಲು ಕೋಲಾರಗಳನ್ನು ಹಾದೇ ಬರಬೇಕಾಗಿತ್ತು. ಅವೇ ಸ್ಟುಡಿಯೋಗಳಲ್ಲಿ ತೆಲುಗು ತಮಿಳು ಚಿತ್ರಗಳೂ ಸಿದ್ಧವಾಗುತ್ತಿದ್ದವು. ಒಂದೇ ಕಥೆ, ಹಲವು ವೇಳೆ ಅದೇ ನಟರೊಡನೆ, ಮೂರು ಭಾಷೆಗಳ ಉಡುಪನ್ನು ತೊಟ್ಟು ಹೊರಡುತ್ತಿತ್ತು. ಮಿಕ್ಕ ಕನ್ನಡ ನಾಡಿನ ಪ್ರೇಕ್ಷಕನು ಅವುಗಳಲ್ಲಿ ಒಂದನ್ನು ನೋಡಿ ತೃಪ್ತನಾದರೆ, ಈ ಮೂಡಲ ತಾಲ್ಲೂಕುಗಳವನು ಎರಡನ್ನಾದರೂ ನೋಡಿ ತೂಗಿ ನೋಡುವ ಅಭ್ಯಾಸವನ್ನು ಬೆಳೆಸಿಕೊಂಡನು. ಇಲ್ಲಿನ ಚಿತ್ರರಸಿಕನು ‘ಚೆನ್ನಾಗಿದೆ’ ಎನ್ನುವುದಿಲ್ಲ. ‘ಅದಕ್ಕಿಂತ ಚೆನ್ನಾಗಿದೆ’ ಎನ್ನುತ್ತಾನೆ.

ನಾಲ್ಕು ಕಣ್ಣಪ್ಪಂದಿರು

ಈ ತೂಕದ ಕಲ್ಲು ಎಂಥದೆಂದು ತಿಳಿಯಲು ಬೇಡರ ಕಣ್ಣಪ್ಪನ ಕಥೆಯೊಂದೇ ಸಾಕು. ದೇವರ ಕಣ್ಣಿಗೆ ತನ್ನ ಕಣ್ಣನ್ನಿತ್ತ ಆ ಭಕ್ತನ ಕ್ಷೇತ್ರ ಶ್ರೀಕಾಳಹಸ್ತಿ. ಮುಳಬಾಗಿಲಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಚಿತ್ತೂರು ತಿರುಪತಿಗಳ ಮಾರ್ಗವಾಗಿ ಅಂದೇ ದರ್ಶನ ಮಾಡಬಹುದಾದಷ್ಟು ಸಮೀಪ. ರಾಹುಕೇತುಗಳ ಪೂಜೆಗೆಂದು ಹೋಗಿಬರುವ ಸಂಸಾರಗಳಿಗಂತೂ ಕಣ್ಣಪ್ಪನು ಪುರಾಣದ ವ್ಯಕ್ತಿಯಲ್ಲ, ಪಕ್ಕದೂರಿನ ನೆಂಟ. ಆದುದರಿಂದ ಅವನ ವಿಷಯದಲ್ಲಿ ಯಾರು ಏನು ಚಿತ್ರ ತೆಗೆದರೂ ಅದನ್ನು ಪರೀಕ್ಷಿಸುವ ಹಕ್ಕು ತಮ್ಮದೆಂದು ಇಲ್ಲಿನವರು ಭಾವಿಸಿರುವುದರಲ್ಲಿ ತಪ್ಪಿಲ್ಲ.

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದ ‘ಬೇಡರ ಕಣ್ಣಪ್ಪ’ ಬಂದಿತು. ಮುತ್ತುರಾಜನೆಂಬ ರಂಗನಟ ರಾಜಕುಮಾರನಾದದ್ದು ಆ ಚಿತ್ರದಿಂದ. ಅದೇ ವರ್ಷ ಅದೇ ಕಥೆ ತೆಲುಗಿನಲ್ಲಿ ಕಾಳಹಸ್ತಿಯ ಮಹಾತ್ಮ್ಯವಾಗಿ ತೆರೆಗೆ ಬಂದಾಗಲೂ ನಾಯಕರು ರಾಜಕುಮಾರರೇ. ಅವರು ನಾಯಕರಾಗಿ ನಟಿಸಿದ ತೆಲುಗು ಚಿತ್ರ ಅದೊಂದೇ. 1976ರಲ್ಲಿ ಬಾಪು ಅವರು ಕೃಷ್ಣಂರಾಜು ಅವರನ್ನಿಟ್ಟುಕೊಂಡು ತೆಲುಗಿನಲ್ಲಿ ‘ಭಕ್ತ ಕಣ್ಣಪ್ಪ’ವನ್ನು ತೆಗೆದರು. 1988ರಲ್ಲಿ ಕನ್ನಡದಲ್ಲಿ ‘ಶಿವ ಮೆಚ್ಚಿದ ಕಣ್ಣಪ್ಪ’. ಬಾಲಕ ಕಣ್ಣಪ್ಪನಾಗಿ ಪುನೀತ್, ತರುಣ ಕಣ್ಣಪ್ಪನಾಗಿ ಶಿವರಾಜಕುಮಾರ್, ಶಿವನಾಗಿ ರಾಜಕುಮಾರ್. 2025ರ ಜೂನಿನಲ್ಲಿ ಮಂಚು ವಿಷ್ಣು ಅವರ ‘ಕಣ್ಣಪ್ಪ’ ಬಂದಿತು. ಅದರ ಬಹುಭಾಗ ಚಿತ್ರೀಕರಣವಾದದ್ದು ನ್ಯೂಜಿಲೆಂಡಿನಲ್ಲಿ.

ಈ ಸೀಮೆಯ ಮನೆಯೊಂದರಲ್ಲಿ ಮೂರು ತಲೆಮಾರಿನವರು ಒಟ್ಟಿಗೆ ಊಟಕ್ಕೆ ಕುಳಿತು ಕಣ್ಣಪ್ಪನ ಮಾತೆತ್ತಿದರೆಂದರೆ ತಟ್ಟೆಯ ಮೇಲಿನ ಕೈ ಒಣಗಿದರೂ ಏಳುವವರಿಲ್ಲ. ಅಜ್ಜಿಗೆ ಕಪ್ಪುಬಿಳುಪಿನ ಚಿತ್ರವೇ ಚಿತ್ರ. ಬಣ್ಣವಿಲ್ಲ, ತಂತ್ರವಿಲ್ಲ, ಆ ಮುಖವೊಂದೇ ಸಾಲದೆ ಎಂಬುದು ಅವರ ವಾದ. ಡೇರೆಯ ಟಾಕೀಸಿನಲ್ಲಿ ನೆಲದ ಮೇಲೆ ಕುಳಿತು, ಅಮ್ಮನ ಸೆರಗು ಹಿಡಿದು ಅತ್ತದ್ದನ್ನು ಅವರು ವಿಮರ್ಶೆಯ ಭಾಗವೆಂದೇ ಹೇಳುತ್ತಾರೆ. ಮನೆಯ ಯಜಮಾನರು ಕೃಷ್ಣಂರಾಜು ಅವರ ಪಕ್ಷ: “ಬೇಡ ಅಂದ್ರೆ ಹಾಗಿರಬೇಕಮ್ಮಾ, ಬಿಲ್ಲು ಹಿಡಿದರೆ ಹುಲಿ ಓಡಬೇಕು.” ಕಾಲೇಜಿನಲ್ಲಿ ಓದುವ ಮೊಮ್ಮಗನಿಗೆ, ಕೃಷ್ಣಂರಾಜು ಅವರ ತಮ್ಮನ ಮಗನಾದ ಪ್ರಭಾಸ್ ಹೊಸ ಚಿತ್ರದಲ್ಲಿ ಬಂದು ಹೋಗುವ ಸ್ವಲ್ಪ ಹೊತ್ತೇ ಪರಮಾನಂದ. “ಕಾಳಹಸ್ತಿ ಇಲ್ಲೇ ಇರುವಾಗ ಕಾಡು ಹುಡುಕಿಕೊಂಡು ಅಷ್ಟು ದೂರ ಯಾಕೋ ಹೋದರು?” ಎಂದು ಅಜ್ಜಿ ಕೇಳಿದರೆ ಅವನಲ್ಲಿ ಉತ್ತರವಿಲ್ಲ. ಶೇಷಾಚಲದ ಕುರುಚಲು ಕಾಡನ್ನು ಕಣ್ಣಾರೆ ಕಂಡವರಿಗೆ ಹಿಮದ ಬೆಟ್ಟಗಳ ಕೆಳಗೆ ಬೇಡನು ಬೇಟೆಯಾಡುವುದು ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ.

ಆದರೆ ಇಂಥ ಚರ್ಚೆಯಲ್ಲಿ ಗೆಲ್ಲುವ ಮಾತು ಸಾಮಾನ್ಯವಾಗಿ, ಅದುವರೆಗೆ ಬಡಿಸುತ್ತ ಸುಮ್ಮನಿದ್ದ ಸೊಸೆಯದು. 1954ರಲ್ಲಿ ಕಣ್ಣನ್ನು ಕೊಟ್ಟವರು ರಾಜಕುಮಾರ್. 1988ರಲ್ಲಿ ಶಿವನಾಗಿ ನಿಂತು ಮಗನ ಕೈಯಿಂದ ಆ ಕಣ್ಣನ್ನು ಪಡೆದವರೂ ಅವರೇ. 2006ರ ಏಪ್ರಿಲಿನಲ್ಲಿ ಅವರು ಕಾಲವಾದಾಗ ನಿಜವಾಗಿಯೂ ಅವರ ಕಣ್ಣುಗಳು ದಾನವಾಗಿ ಹೋದವು. 2021ರ ಅಕ್ಟೋಬರಿನಲ್ಲಿ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳೂ ಹಾಗೆಯೇ ಸಂದವು. ಇದನ್ನು ಹೇಳಿದ ಮೇಲೆ ಯಾವ ಚಿತ್ರ ಮೇಲು ಎಂಬ ಪ್ರಶ್ನೆ ಆ ರಾತ್ರಿಯ ಮಟ್ಟಿಗೆ ಮುಂದಕ್ಕೆ ಹೋಗುತ್ತದೆ.

ತಾಲ್ಲೂಕಿನ ಮಗಳು

ಮುಳಬಾಗಿಲಿನವರೊಡನೆ ಚಿತ್ರಗಳ ಮಾತಾಡಿದರೆ, ಮೊದಲಿಗೋ ಕೊನೆಗೋ ಒಂದು ಹೆಸರು ಬಂದೇ ತೀರುತ್ತದೆ: ಸೌಂದರ್ಯ. ಈ ತಾಲ್ಲೂಕಿನ ಮಗಳು. ತಂದೆ ಸತ್ಯನಾರಾಯಣ ಅವರು ಕನ್ನಡ ಚಿತ್ರರಂಗದಲ್ಲಿ ಲೇಖಕರೂ ನಿರ್ಮಾಪಕರೂ ಆಗಿದ್ದವರು. ವೈದ್ಯಕೀಯ ವ್ಯಾಸಂಗವನ್ನು ನಡುವೆಯೇ ಬಿಟ್ಟು ಬಂದ ಈ ತರುಣಿ 1992ರ ‘ಗಂಧರ್ವ’ ಚಿತ್ರದಿಂದ ಕನ್ನಡ ಪ್ರೇಕ್ಷಕರಿಗೆ ಪರಿಚಿತರಾದರು. ಆದರೆ ಅವರನ್ನು ಎತ್ತಿ ಹಿಡಿದದ್ದು ತೆಲುಗು ಚಿತ್ರರಂಗ. 1995ರ ‘ಅಮ್ಮೋರು’ ಅವರನ್ನು ಆಂಧ್ರದ ಮನೆಮನೆಗೆ ಮುಟ್ಟಿಸಿತು. 1998ರ ‘ಅಂತಃಪುರಂ’ ಚಿತ್ರದಲ್ಲಿ ರಾಯಲಸೀಮೆಯ ಕುಲವೈರದ ನಡುವೆ ಮಗುವನ್ನು ಕಾಪಾಡಿಕೊಂಡು ಓಡುವ ತಾಯಿಯಾಗಿ ಅವರು ತೋರಿದ ಅಭಿನಯವನ್ನು ಇಲ್ಲಿನ ಹೆಂಗಸರು ಇಂದಿಗೂ ಎದೆ ಹಿಡಿದುಕೊಂಡು ನೆನೆಯುತ್ತಾರೆ. ಆ ರಾಯಲಸೀಮೆ ಅವರಿಗೆ ಕಥೆಯಲ್ಲ. ಹೆಣ್ಣು ಕೊಟ್ಟು ತಂದ ನೆರೆ.

ಕನ್ನಡದ ಹುಡುಗಿ ತೆಲುಗಿನ ಸೊತ್ತಾದಳೆಂಬ ಕೊರಗು ಬೆಂಗಳೂರಿನಲ್ಲಿ ಕೇಳಿಬಂದಷ್ಟು ಮುಳಬಾಗಿಲಿನಲ್ಲಿ ಕೇಳಿಬರಲಿಲ್ಲ. ಗಡಿಯವರಿಗೆ ಅದರ ಅರ್ಥವೇ ಬೇರೆ. ಮನೆಯಲ್ಲೊಂದು, ಶಾಲೆಯಲ್ಲೊಂದು, ಸಂತೆಯಲ್ಲೊಂದು ಭಾಷೆಯಾಡುವ ಇವರನ್ನು ಎರಡೂ ಕಡೆಯವರು ಅನುಮಾನದಿಂದ ನೋಡಿದ್ದುಂಟು: ತೆಲುಗು ಚಿತ್ರಕ್ಕೆ ಶಿಳ್ಳೆ ಹಾಕುವವನು ಎಂಥ ಕನ್ನಡಿಗ ಎಂದು ಒಂದು ಕಡೆ, ಇವರ ತೆಲುಗು ಎಂಥ ತೆಲುಗು ಎಂದು ಇನ್ನೊಂದು ಕಡೆ. ಈ ಮಾತಿಗೆ ಮಾಲೂರಿನವರ ಬಳಿ ಸಿದ್ಧವಾದ ಉತ್ತರವೊಂದಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮಾಲೂರು ತಾಲ್ಲೂಕಿನವರು, ಮನೆಮಾತು ತಮಿಳು, ಕನ್ನಡದ ಸಣ್ಣಕಥೆಗೆ ಅವರಿಗಿಂತ ದೊಡ್ಡ ಆಸ್ತಿಕಾರರು ಯಾರು? ಅವರ ‘ಕಾಕನಕೋಟೆ’ ನಾಟಕವನ್ನು ಸಿ.ಆರ್. ಸಿಂಹ ಅವರು 1977ರಲ್ಲಿ ಚಿತ್ರವಾಗಿಸಿದರು. ಮನೆಮಾತೊಂದು, ಬಾಳಿನ ಕೆಲಸದ ಮಾತೊಂದು ಆಗಬಹುದೆಂಬುದಕ್ಕೆ ಮಾಲೂರಿನವರು ಬೇರೆ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ.

ಸೌಂದರ್ಯ ಕನ್ನಡಕ್ಕೆ ಬರಿಗೈಯಲ್ಲಿ ಮರಳಲಿಲ್ಲ. ತೆಲುಗಿನಲ್ಲಿ ಗಳಿಸಿದುದನ್ನು ತೊಡಗಿಸಿ ತಾವೇ ನಿರ್ಮಾಪಕಿಯಾದರು. ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ‘ದ್ವೀಪ’ಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂದಿತು. ಅಣೆಕಟ್ಟಿನ ನೀರು ಏರುತ್ತಾ ಬಂದು ಊರು ಖಾಲಿಯಾದರೂ ಗುಡ್ಡವನ್ನು ಬಿಡದ ಒಂದು ಕುಟುಂಬದ ಕಥೆ ಅದು. ಕುಡಿಯುವ ನೀರಿಗಾಗಿ ಕೊಳವೆ ಬಾವಿಯನ್ನು ಸಾವಿರಾರು ಅಡಿ ಕೊರೆಯುವ ಕೋಲಾರದವರಿಗೆ ಮಳೆಯೇ ಶತ್ರುವಾಗುವ ಕಥೆಯನ್ನು ನೋಡುವಾಗ ಏನೆನ್ನಿಸಿರಬೇಕು! ಗಂಡಸರು ಬಹುಮಟ್ಟಿಗೆ, ಚಿತ್ರ ನಿಧಾನವಾಯಿತು ಎಂದರು. ಹೆಂಗಸರು ಹಿಡಿದ ಎಳೆಯೇ ಬೇರೆ. ಇರುಳೆಲ್ಲ ಹೆಣಗಿ ಗಂಡನನ್ನೂ ಮನೆಯನ್ನೂ ಉಳಿಸಿಕೊಂಡವಳು ನಾಗಿ. ಬೆಳಗಾದ ಮೇಲೆ ಗಂಡನು ಆ ಕೀರ್ತಿಯನ್ನೆಲ್ಲ ದೇವರಿಗೆ ಒಪ್ಪಿಸಿ ಕೈಮುಗಿಯುತ್ತಾನೆ. ಆ ಗಳಿಗೆಯಲ್ಲಿ ಸೌಂದರ್ಯ ಅವರ ಮುಖ! ಅದನ್ನು ವಿವರಿಸಿ ಹೇಳಲು ಯಾವ ಗೃಹಿಣಿಗೂ ವಿಮರ್ಶಕರ ಸಹಾಯ ಬೇಕಾಗಲಿಲ್ಲ.

2004ರ ಏಪ್ರಿಲ್ 17ರಂದು, ಚುನಾವಣೆಯ ಪ್ರಚಾರಕ್ಕೆಂದು ಕರೀಂನಗರದ ಕಡೆಗೆ ಹೊರಟ ಪುಟ್ಟ ವಿಮಾನ ಬೆಂಗಳೂರಿನ ಜಕ್ಕೂರಿನಲ್ಲಿ ಮೇಲೆದ್ದ ಕೆಲವೇ ಕ್ಷಣಗಳಲ್ಲಿ ನೆಲಕ್ಕಪ್ಪಳಿಸಿತು. ಸೌಂದರ್ಯ ಅವರೊಡನೆ ಅವರ ಸಹೋದರರೂ ತೀರಿಕೊಂಡರು. ಅದೇ ಆಗಸ್ಟಿನಲ್ಲಿ ‘ಆಪ್ತಮಿತ್ರ’ ಬಿಡುಗಡೆಯಾಯಿತು. ಮಲಯಾಳದ ‘ಮಣಿಚಿತ್ರತ್ತಾಳ್’ ಚಿತ್ರದ ಕಥೆ ಪಿ. ವಾಸು ಅವರ ಕೈಯಲ್ಲಿ ಮೊದಲು ಕನ್ನಡವಾಗಿ, ಮರುವರ್ಷ ತಮಿಳಿನಲ್ಲಿ ‘ಚಂದ್ರಮುಖಿ’ಯಾಗಿ ಬಂದಿತು. ಶೋಭನಾ ಮೇಲೋ, ಸೌಂದರ್ಯ ಮೇಲೋ, ಜ್ಯೋತಿಕಾ ಮೇಲೋ? ಇಪ್ಪತ್ತು ವರ್ಷಗಳು ಕಳೆದರೂ ಇದು ಇಲ್ಲಿ ಇತ್ಯರ್ಥವಾಗದ ವ್ಯಾಜ್ಯ. ಆದರೆ ಮುಳಬಾಗಿಲಿನವರು ಮಂಡಿಸುವ ಒಂದು ಅಂಶವನ್ನು ಬೇರೆಯವರು ಮಂಡಿಸಲಾರರು. ಕನ್ನಡದ ಗೃಹಿಣಿ ಗಂಗೆಯೊಳಗಿಂದ ತೆಲುಗಿನ ನರ್ತಕಿ ನಾಗವಲ್ಲಿ ಎದ್ದುಬರುತ್ತಾಳೆ. ಅವಳ ಕುಣಿತದ ಹಾಡೂ ತೆಲುಗಿನದೇ. ಬೇರೆ ನಟಿಯರಿಗೆ ಅದು ಕಲಿತ ಮಾತಾಗುತ್ತಿತ್ತು. ಎರಡು ಭಾಷೆಗಳ ಹೊಸ್ತಿಲಿನಲ್ಲಿ ಹುಟ್ಟಿದ ಹೆಣ್ಣಿಗೆ ಮಾತು ಬದಲಾದದ್ದು ಉಸಿರು ಬದಲಾದಷ್ಟೇ ಸಹಜವಾಯಿತೆಂದು ಅವರು ಹೇಳುವಾಗ, ನಟನೆಯ ವಿಷಯಕ್ಕಿಂತ ತಮ್ಮ ವಿಷಯವನ್ನೇ ಹೆಚ್ಚಾಗಿ ಹೇಳಿಕೊಳ್ಳುತ್ತಿರುತ್ತಾರೆ. ಆ ಚಿತ್ರವನ್ನು ತೆರೆಯ ಮೇಲೆ ನೋಡಲು ಸೌಂದರ್ಯ ಇರಲಿಲ್ಲ.

ಯಾವ ಕನ್ನಡ, ಯಾವ ತೆಲುಗು?

ಡಬ್ಬಿಂಗ್ ಕುರಿತು ನಾಡಿನಲ್ಲಿ ಎದ್ದ ವಾದವಿವಾದಗಳನ್ನು ಕೋಲಾರದ ಸೀಮೆ ಒಂದು ಬಗೆಯ ಮುಗುಳುನಗೆಯಿಂದ ನೋಡಿತೆನ್ನಬೇಕು. 1960ರ ದಶಕದಲ್ಲಿ ಅ.ನ. ಕೃಷ್ಣರಾಯರೇ ಮೊದಲಾದವರ ಮುಂದಾಳುತನದಲ್ಲಿ ನಡೆದ ಚಳವಳಿಯಿಂದಾಗಿ ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸಿ ಬಿಡುಗಡೆ ಮಾಡುವುದು ನಿಂತಿತು. 2015ರಲ್ಲಿ ಸ್ಪರ್ಧಾ ಆಯೋಗವು ಆ ಅಲಿಖಿತ ತಡೆ ನ್ಯಾಯಸಮ್ಮತವಲ್ಲವೆಂದು ತೀರ್ಪಿತ್ತಿತು. 2017ರಿಂದ ಅಂಥ ಚಿತ್ರಗಳು ಮತ್ತೆ ಬರತೊಡಗಿದವು. ಕಲಾವಿದರ ಹೊಟ್ಟೆಪಾಡು ಒಂದು ಕಡೆ, ಕನ್ನಡದಲ್ಲಿಯೇ ಎಲ್ಲವನ್ನೂ ನೋಡಬೇಕೆಂಬ ಪ್ರೇಕ್ಷಕನ ಹಕ್ಕು ಇನ್ನೊಂದು ಕಡೆ. ಎರಡೂ ಸಣ್ಣ ಮಾತುಗಳಲ್ಲ. ಆದರೆ ಮೂಲವನ್ನೇ ನೇರವಾಗಿ ಕೇಳಿ ನಗುವ, ಅಳುವ ಜನರಿಗೆ ಆ ವಾದ ಯಾರದೋ ಮನೆಯ ಪಾಲುಪಟ್ಟಿಯಂತೆ ಕಂಡಿತು.

ಅವರ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು. 2021ರ ಡಿಸೆಂಬರಿನಲ್ಲಿ ‘ಪುಷ್ಪ’ ಬಂದಾಗ ನಾಡಿಗೆ ನಾಡೇ ಅದರ ಹಾಡು ಕುಣಿತಗಳನ್ನು ಹೊಗಳಿತು. ಶ್ರೀನಿವಾಸಪುರ, ಮುಳಬಾಗಿಲುಗಳಲ್ಲಿ ಚರ್ಚೆಗೆ ಬಂದದ್ದು ಅದರ ಮಾತು. ಶೇಷಾಚಲದ ರಕ್ತಚಂದನದ ಕಳ್ಳಸಾಗಣೆಯ ಆ ಕಥೆಯಲ್ಲಿ ನಾಯಕನಾಡುವುದು ಗೋದಾವರಿಯ ತೀರದ ನಯವಾದ ತೆಲುಗಲ್ಲ, ಚಿತ್ತೂರಿನ ಒರಟು ತೆಲುಗು. ಇಲ್ಲಿನ ಅಡಿಗೆಮನೆಗಳಲ್ಲಿ ಕೇಳಿಬರುವುದಕ್ಕೆ ಅದು ತೀರ ಹತ್ತಿರದ್ದು. ದಶಕಗಳ ಕಾಲ ತೆರೆಯ ಮೇಲೆ ಹಾಸ್ಯಗಾರನಿಗೋ ಖಳನಿಗೋ ಮಾತ್ರ ಮೀಸಲಾಗಿದ್ದ ಆ ಮಾತು ನಾಯಕನ ಬಾಯಿಗೆ ಬಂದದ್ದನ್ನು ಕಂಡು ಹಿರಿಯರೂ ಹಿಗ್ಗಿದರು. ಅಲ್ಲೊಂದು ಪದ ಹಾಗಲ್ಲ, ಇಲ್ಲೊಂದು ರಾಗ ಹೀಗಲ್ಲ ಎಂದು ತಿದ್ದುಪಡಿಗಳನ್ನೂ ಸೂಚಿಸಿದರೆನ್ನಿ. ಅಲ್ಲು ಅರ್ಜುನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ, ಅದರಲ್ಲಿ ಅರ್ಧ ಪಾಲು ಈ ಮಾತಿಗೇ ಸಲ್ಲಬೇಕೆಂದು ವಾದಿಸಿದವರೂ ಉಂಟು.

ಮರುವರ್ಷದ ‘ಕಾಂತಾರ’ದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಚಿತ್ರ ಕನ್ನಡದ್ದು, ಆದರೆ ಅದು ಕರಾವಳಿಯ ಕುಂದಾಪುರದ ಕಡೆಯ ಕನ್ನಡ. ಅಪ್ಪಟ ಕನ್ನಡ ಚಿತ್ರವೊಂದನ್ನು ನೋಡುತ್ತ ಕೋಲಾರದವನು ಪಕ್ಕದವನನ್ನು “ಏನಂದ?” ಎಂದು ಕೇಳಬೇಕಾಯಿತು, ಆಂಧ್ರದ ಚಿತ್ರಕ್ಕೆ ಆ ತೊಂದರೆಯೇ ಇರಲಿಲ್ಲ! ಆದರೂ ಭೂತಕೋಲದ ಕೊನೆಯ ಆರ್ಭಟಕ್ಕೆ ಗಾಂಧಿ ಕ್ಲಾಸಿನಿಂದ ಬಾಲ್ಕನಿಯವರೆಗೆ ಮೈನವಿರೇಳದವರಿಲ್ಲ. ತಮ್ಮದೇ ಭಾಷೆಯೊಳಗೆ ಇಷ್ಟು ದೂರದ ಊರುಗಳಿವೆಯೆಂಬುದು ಮೂಡಲ ಸೀಮೆಗೆ ತಿಳಿದುಬಂದದ್ದು ಭಾಷಾಶಾಸ್ತ್ರದ ಗ್ರಂಥಗಳಿಂದಲ್ಲ.

ಮಾರಿಕುಪ್ಪಂ ರೈಲಿನಲ್ಲಿ

ಬೆಳಗಿನ ಜಾವ ಚಿನ್ನದ ಗಣಿಯ ಊರಾದ ಮಾರಿಕುಪ್ಪಂನಿಂದ ಹೊರಡುವ ರೈಲು ಬಂಗಾರಪೇಟೆ ಮಾಲೂರುಗಳ ಮಾರ್ಗವಾಗಿ ಬೆಂಗಳೂರಿಗೆ ಬರುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಮಂದಿಗೆ ಅನ್ನದ ದಾರಿ ಈ ರೈಲೇ ಆಗಿದೆ. ಮಾಲೂರಿನಲ್ಲಿ ಹತ್ತುವವರಿಗೆ ಕುಳಿತುಕೊಳ್ಳಲು ಜಾಗ ಸಿಕ್ಕುವುದು ಅಪರೂಪ. ಚರ್ಚೆಯಲ್ಲಿ ಮಾತ್ರ ಧಾರಾಳವಾಗಿ ಸಿಕ್ಕುತ್ತದೆ.

2018ರ ಡಿಸೆಂಬರಿನಲ್ಲಿ ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್.’ ಬಿಡುಗಡೆಯಾದ ಮೇಲೆ ಈ ಗಾಡಿಯಲ್ಲಿ ಬೇರೆ ಮಾತಿಗೆ ಎಡೆಯಿರಲಿಲ್ಲ. ಐದು ಭಾಷೆಗಳಲ್ಲಿ ಹೊರಬಂದ ಕನ್ನಡದ ಚಿತ್ರ, ಸಾಹಸಕ್ಕೂ ತಂತ್ರವೈಭವಕ್ಕೂ ರಾಷ್ಟ್ರಪ್ರಶಸ್ತಿ, ಚಿತ್ರೀಕರಣವೂ ಕೆ.ಜಿ.ಎಫ್.ನ ಸಯನೈಡ್ ದಿಬ್ಬಗಳ ಮೇಲೆ. ಹೊರಗಿನಿಂದ ಬಂದ ಚಿತ್ರಗಳನ್ನು ತೂಗಿದ್ದ ಜಿಲ್ಲೆ ತನ್ನದೇ ಹೆಸರು ಹೊತ್ತ ಚಿತ್ರವನ್ನು ತೂಗಬೇಕಾಗಿ ಬಂದಿತು. ಮಾಲೂರಿನ ತರುಣರ ಹೆಮ್ಮೆಗೆ ಪಾರವಿರಲಿಲ್ಲ. ಮುಂಬಯಿಯಲ್ಲಿ, ಹೈದರಾಬಾದಿನಲ್ಲಿ ಕೋಲಾರದವನೆಂದರೆ ಜನ ತಿರುಗಿ ನೋಡುವ ಕಾಲ ಬಂದಿತಲ್ಲ!

ಎದುರಿನ ಬೆಂಚಿನಲ್ಲಿ ಕುಳಿತ ಗಣಿಕಾರ್ಮಿಕರ ಮಕ್ಕಳದು ಬೇರೆ ಧಾಟಿ. ಚಿತ್ರದಲ್ಲಿ 1951ರಲ್ಲಿ ಚಿನ್ನ ಕಣ್ಣಿಗೆ ಬೀಳುತ್ತದೆ; ಜಗತ್ತಿಗೆ ಗೊತ್ತಿಲ್ಲದಂತೆ ಗೋಡೆ ಕಟ್ಟಿ ಜನರನ್ನು ಗುಲಾಮರನ್ನಾಗಿ ದುಡಿಸುತ್ತಾರೆ. ನಿಜವಾದ ಗಣಿಗಳಲ್ಲಾದರೋ 1880ರಿಂದಲೇ ಜಾನ್ ಟೇಲರ್ ಕಂಪನಿಯ ಆಡಳಿತ. 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು. 1956ರಲ್ಲಿ ಮೈಸೂರು ಸರ್ಕಾರದ ಸ್ವಾಧೀನ. ಅಲ್ಲಿ ಸಂಘಗಳಿದ್ದವು, ಮುಷ್ಕರಗಳು ನಡೆದವು, ಶಾಲೆ ಆಸ್ಪತ್ರೆಗಳಿದ್ದವು. ಮೂರು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಮುಟ್ಟಿದರೆ ಸುಡುವ ಬಂಡೆಗಳ ನಡುವೆ ಇಳಿದವರನ್ನು ಕೊಂದದ್ದು ಬಂದೂಕಲ್ಲ, ಎದೆಯೊಳಗೆ ಕುಳಿತ ಕಲ್ಲಿನ ಧೂಳು. ಕೆಮ್ಮಿ ಕೆಮ್ಮಿ ಸತ್ತ ತಾತನನ್ನು ಕಂಡವನಿಗೆ, ತೆರೆಯ ಮೇಲೆ ಒಬ್ಬನೇ ವೀರನು ಬಂದು ಎಲ್ಲರನ್ನೂ ಬಿಡಿಸುವುದು ರುಚಿಸದಿದ್ದರೆ ಅದನ್ನು ಅರಸಿಕತೆ ಎನ್ನಲಾಗದು. ಕಥೆ ಕಲ್ಪಿತವೆಂಬ ಸಮಾಧಾನ ಸಿದ್ಧವಾಗಿಯೇ ಇದೆ. ಕಲ್ಪಿತವಾದರೆ ಹೆಸರೇಕೆ ನಿಜದ್ದು ಎಂಬ ಮರುಪ್ರಶ್ನೆಯೂ ಸಿದ್ಧವಾಗಿದೆ. ಈ ಎರಡರ ನಡುವೆ ವೈಟ್‌ಫೀಲ್ಡ್ ಬಂದುಬಿಡುತ್ತದೆ.

2024ರ ಆಗಸ್ಟ್ 15ರಂದು ಪಾ. ರಂಜಿತ್ ಅವರ ತಮಿಳು ಚಿತ್ರ ‘ತಂಗಲಾನ್’ ಬಂದು ಚರ್ಚೆಗೆ ಹೊಸ ಸೌದೆಯೊಡ್ಡಿತು. ಉತ್ತರ ಆರ್ಕಾಟಿನ ಹಳ್ಳಿಯಿಂದ ದೊರೆಯ ಹಿಂದೆ ಚಿನ್ನವನ್ನು ಹುಡುಕಿಕೊಂಡು ಹೊರಟ ದಲಿತರ ಕಥೆ. ಗಣಿಯಲ್ಲಿ ದುಡಿದ ಬಹುಮಂದಿಯ ಪೂರ್ವಿಕರು ಬಂದದ್ದು ಆ ಕಡೆಯಿಂದಲೇ. ಈ ಬಾರಿ ಬೆಂಚುಗಳು ಅದಲುಬದಲಾದವು: ಕೆ.ಜಿ.ಎಫ್.ನವರು ತಮ್ಮ ಮುತ್ತಾತಂದಿರನ್ನು ಕೊನೆಗೂ ತೆರೆಯ ಮೇಲೆ ಕಂಡೆವೆಂದರು. ಮಾಲೂರಿನವರು ಮಾಟಮಂತ್ರ ಹೆಚ್ಚಾಯಿತು, ಕಥೆ ಹಿಡಿತಕ್ಕೆ ಸಿಗಲಿಲ್ಲ ಎಂದರು. ಎರಡೂ ಮಾತು ನಿಜವೇ. ‘ತಂಗಲಾನ್’ನಲ್ಲಿ ಉದ್ದೇಶಕ್ಕಿರುವ ಬಲ ಕಥಾಸಂವಿಧಾನಕ್ಕಿಲ್ಲ, ‘ಕೆ.ಜಿ.ಎಫ್.’ನಲ್ಲಿ ಸಂವಿಧಾನಕ್ಕಿರುವ ಬಲ ಸತ್ಯಕ್ಕಿಲ್ಲ. ಸುಮಾರು ನೂರಿಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನಿನಷ್ಟು ಚಿನ್ನ ಕೊಟ್ಟ ನೆಲ, ತನ್ನ ನಿಜವಾದ ಕಥೆಗಾಗಿ ಇನ್ನೂ ಕಾಯುತ್ತಿದೆಯೆಂದು ಎರಡೂ ಬೆಂಚಿನವರು ಒಪ್ಪುವುದುಂಟು. ಅದನ್ನು ಯಾವ ಭಾಷೆಯಲ್ಲಿ ತೆಗೆಯಬೇಕೆಂಬಲ್ಲಿ ಮತ್ತೆ ಜಗಳ.

2020ರ ಮಹಾಮಾರಿಯಲ್ಲಿ ಚಿತ್ರಮಂದಿರಗಳು ತಿಂಗಳುಗಟ್ಟಲೆ ಮುಚ್ಚಿದಂದಿನಿಂದ ಬಹಳ ಮಂದಿ ಅಂಗೈಯ ಮೊಬೈಲಿನಲ್ಲಿಯೇ ಚಿತ್ರ ನೋಡುವುದನ್ನು ರೂಢಿಸಿಕೊಂಡಿದ್ದಾರೆ. ಮೊದಲ ಆಟ ಮುಗಿಯುವ ಮೊದಲೇ ಯಾರೋ ಕಾಣದವರ ವಿಮರ್ಶೆ ಅದರಲ್ಲಿ ಬಂದು ಬೀಳುತ್ತದೆ. ನಕ್ಷತ್ರಗಳನ್ನೆಣಿಸಿ ಟಿಕೇಟು ಕೊಳ್ಳುವವರು ಹೆಚ್ಚಾಗಿದ್ದಾರೆ. ಅಂಥವರು ಕೂಡ ಈ ಗಾಡಿಯಲ್ಲಿ ತಮ್ಮ ಅಭಿಪ್ರಾಯವನ್ನು ಬಾಯಿಬಿಟ್ಟು ಹೇಳಿಯೇ ತೀರಬೇಕು. ಎದುರಿಗೆ ಕುಳಿತವರು ಬಿಡುವುದಿಲ್ಲ.

ಸಂಜೆಯ ರೈಲಿನಲ್ಲಿ ಅದೇ ಜನ, ಅದೇ ಜಾಗ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಬ್ಬನು ಮೊಬೈಲಿನಲ್ಲಿ ಹಳೆಯ ಚಿತ್ರವೊಂದನ್ನು ನೋಡುತ್ತಿದ್ದರೆ ಪಕ್ಕದವನು ಮೆಲ್ಲನೆ ಕತ್ತು ಚಾಚುತ್ತಾನೆ; ಆಮೇಲೆ ಅವನ ಪಕ್ಕದವನು. ತಂತಿ ಕಿವಿಯಿಂದ ಕೆಳಗಿಳಿಯುತ್ತದೆ, ಸದ್ದು ಹೊರಕ್ಕೆ ಬರುತ್ತದೆ. ಮಾಲೂರಿನಲ್ಲಿ ಇಳಿಯಬೇಕಾದವನೊಬ್ಬ ಬಾಗಿಲ ಬಳಿ ನಿಂತೇ, ಇದನ್ನು ತೆಲುಗಿನಲ್ಲಿ ಇದಕ್ಕಿಂತ ಚೆನ್ನಾಗಿ ತೆಗೆದಿದ್ದಾರೆಂದು ಹೇಳಿ ಇಳಿದುಬಿಡುತ್ತಾನೆ. ಅವನಿಗೆ ಉತ್ತರ ಕೊಡಬೇಕೆಂದು ಒಬ್ಬಿಬ್ಬರು ಕಿಟಕಿಗೆ ಬಾಗುವಷ್ಟರಲ್ಲಿ ಗಾಡಿ ಟೇಕಲ್ಲಿನ ಕಡೆಗೆ ಹೊರಟಿರುತ್ತದೆ. ಉತ್ತರ ನಾಳೆ ಬೆಳಿಗ್ಗೆ.